ಸದ್ದು ಮಾಡುವ ಚಪ್ಪಲಿ

ಹೋದ ವಾರ ಮಾಣಿಕನಗರದ ಅಂಗಡಿಯಲ್ಲಿ ಹೊಸ ಚರ್ಮದ ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಇಟ್ಟೆ. ಕಿರ್... ಕಿರ್... ಅಂದಿತು. ಸಪ್ಪಳ ಮಾಡುತ್ತವೆ, ಬೇರೆ ಕೊಡಲೇ ಎಂದು ಅಂಗಡಿಯವನು ಕೇಳಿದ. ನಾನೆಲ್ಲಿ ಕೇಳಿಸಿಕೊಳ್ಳುತ್ತಿದ್ದೆ! ಮನಸ್ಸು ಆಗಲೇ ಬಸವಕಲ್ಯಾಣದ ನಮ್ಮ ಓಣಿಗೆ, ಪಕ್ಕದ ಮನೆಯ ಕಾಕಾನ ಹತ್ತಿರ ಹೋಗಿತ್ತು.

ಕಾಕಾ ಹಗಲು ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದ, ಸಂಜೆ ನಮ್ಮ ಬೀದಿನಾಟಕದ ತಂಡಕ್ಕೆ ಹಾಡು, ಅಭಿನಯ ಕಲಿಸುತ್ತಿದ್ದ. ಮಹಾ ಸಿಡುಕ. ನಾನು ಮೇಳದಲ್ಲಿ ಹಾಡುವವಳು. ಕಣ್ಣೀರು ತಂದುಕೊಂಡು ಹಾಡಿದರೆ, ಅತ್ತು ತೋರಿಸಬೇಡ, ಬೆನ್ನು ನೆಟ್ಟಗೆ ಮಾಡಿ ನಿಲ್ಲು, ಅಷ್ಟು ಸಾಕು ಎಂದು ಬೈಯುತ್ತಿದ್ದ.

ಹಿಂದೆ ನಮ್ಮ ಕೇರಿಯ ಜನ ದೊಡ್ಡವರ ವಾಡೆ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿಯಬೇಕಿತ್ತಲ್ಲ, ಅದೇ ನಮ್ಮ ನಾಟಕದ ಮುಖ್ಯ ದೃಶ್ಯ. ಕೂಲಿಯವನ ವೇಷದ ಕಾಕಾ ಚಪ್ಪಲಿ ಮೆಟ್ಟಿ, ಈ ದಾರಿ ನಮ್ಮದೂ ಎಂದು ಹಾಡುತ್ತಿದ್ದ. ಹಲಗೆಯ ಬಡಿತ ಎದೆ ನಡುಗಿಸುತ್ತಿತ್ತು.

ಮುಡಬಿ ಕಡೆಯ ಒಂದೂರಿನಲ್ಲಿ ಹಿರಿಯರು ತಕರಾರು ತೆಗೆದರು. ಆಡುವುದಾದರೆ ಆಡಿ, ಆ ಹಾಡು ಮಾತ್ರ ಕೂಡದು. ಹಾಡಿದರೆ ನಮ್ಮನ್ನು ಕರೆಸಿದ ಕೇರಿಯವರಿಗೆ ನಾಳೆಯಿಂದ ಕೂಲಿಯಿಲ್ಲ ಎಂದರು. ಕಾಕಾ ಹೂಂ ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಅವನು ಹಲಗೆಯವನಿಗೆ ಒಂದೇ ಮಾತು ಹೇಳಿದ. "ನಾ ಚಪ್ಪಲ್ ಮೆಟ್ಟಿದ ಕೂಡ್ಲೆ ಹಲಗಿ ನಿಂದರ್ಸು."

ಹಿರಿಯರು ಕೂತಿದ್ದ ಚಾವಡಿಯ ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದು ಬಗ್ಗಿ ಬಂದ. ನಿಂತ. ಮೆಟ್ಟಿಕೊಂಡ. ಹಲಗೆ ನಿಂತಿತು. ಬೆನ್ನು ನೆಟ್ಟಗೆ ಮಾಡಿ ಸಾವಕಾಶ ನಡೆದ. ಕಿರ್... ಕಿರ್... ಊರಿಗೆ ಊರೇ ಆ ಸದ್ದು ಕೇಳುತ್ತ ಕೂತಿತ್ತು. ಹಾಡು ಬೇಡ ಅಂದಿದ್ದರು, ಅವನು ಹಾಡಲಿಲ್ಲ. ನಡೆಯಬೇಡ ಅಂದಿರಲಿಲ್ಲ, ಅವನು ನಡೆದ.

ನಾಟಕ ಮುಗಿದಾಗ ಕೇರಿಯ ಮುದುಕಿಯೊಬ್ಬಳು ಎದ್ದಳು. ಮಡಿಲಲ್ಲಿಟ್ಟುಕೊಂಡಿದ್ದ ಚಪ್ಪಲಿ ನೆಲಕ್ಕಿಟ್ಟು, ಮೆಟ್ಟಿ, ಚಾವಡಿಯ ಮುಂದೆಯೇ ಹಾದು ಮನೆಗೆ ಹೋದಳು. ಅಳಬೇಡ ಎಂದು ನಮ್ಮನ್ನು ಬೈಯುತ್ತಿದ್ದ ಕಾಕಾ ಗಳಗಳನೆ ಅತ್ತ. "ಹಾಡ ಆಕಿ ಮುಗಿಸಿದ್ಳು ನೋಡವ್ವ," ಅಂದ. ಎಂಥ ಕಲಾವಿದ, ಎಂಥ ಮನುಷ್ಯ...

ಕಾಕಾ ತೀರಿಕೊಂಡು ಎರಡು ಮಳೆಗಾಲ ಕಳೆದವು. ಕಣ್ಣೆತ್ತಿದರೆ ಅಂಗಡಿಯವನು ಎಣ್ಣೆ ಬಾಟಲಿ ಹಿಡಿದು ನಿಂತಿದ್ದ.

"ಇಷ್ಟ್ ಎಣ್ಣಿ ಹಚ್ಚಿದ್ರ ಸಪ್ಪಳ ಹೋಗ್ತದ್ರಿ ಅಕ್ಕಾ."

"ಬ್ಯಾಡಪ್ಪ, ಹೀಂಗೇ ಇರ್ಲಿ."

ಆಟೋ ಕರೆದರೂ ಹತ್ತದೆ ಹುಮನಾಬಾದಿನ ತನಕ ನಡೆದೆ. ನಡುದಾರಿಯಲ್ಲಿ ಬೆನ್ನು ಬಾಗಿತು. ಬೈಯಲು ಕಾಕಾ ಇಲ್ಲ. ನಾನೇ ನೆಟ್ಟಗೆ ಮಾಡಿಕೊಂಡೆ.