ಕುಕ್ಕರ್ ಹಿಡಿದ ಹೆಂಗಸಿನ ಚಿತ್ರ

ಮದುವೆಯಾದ ಮೇಲೆ ನಾನು ಒಂದು ಚಿತ್ರವನ್ನೂ ಪೂರ್ತಿ ಮಾಡಿರಲಿಲ್ಲ. ಹೊನ್ನಾಳಿಯ ಶಾಲೇಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡೋದು ಬೇರೆ, ನನ್ನದು ಅಂತ ಒಂದು ಬೇಡವೆ? ಮನೇಲಿ ಪೆನ್ಸಿಲ್ ಹಿಡಿದರೆ ಸಾಕು, ಅತ್ತೆ ಕೂಗೋರು: "ಏ, ಒಲೆ ಮ್ಯಾಲೆ ಹಾಲೈತೆ ನೋಡು!" ಎದ್ದು ಹೋದರೆ ಮುಗೀತು. ನನ್ನ ಪುಸ್ತಕದ ತುಂಬ ಅರ್ಧ ಮುಖ, ಮುಕ್ಕಾಲು ಎತ್ತು, ಕಾಲಿಲ್ಲದ ಕೋಳಿ. ಸಿಟ್ಟು ನೆತ್ತಿಗೇರೋದು, ನುಂಗಿಕೊಂಡು ಹಾಲು ಇಳಿಸ್ತಿದ್ದೆ.

ಹೋದ ವರ್ಷ ನಾದಿನಿಯ ಸೀಮಂತ ಮುಗಿಸಿಕೊಂಡು ಬೆಂಗಳೂರಿಂದ ಅತ್ತೆ ಜೊತೆ ವಾಪಸ್ ಹೊರಟಿದ್ದೆ. ನೆಲದೊಳಗಿನ ಮೆಟ್ರೋ ನಿಲ್ದಾಣಕ್ಕೆ ಇಳಿದರೆ ಆಹಾ, ತಣ್ಣಗಿತ್ತು. ಊರಿನ ಬಸ್ಸಿಗೆ ಇನ್ನೂ ಎರಡು ತಾಸಿತ್ತು. "ಇಲ್ಲೇ ಕುಂತ್ಕಳಾಣ" ಅಂದರು ಅತ್ತೆ. ನಾನು ಪುಸ್ತಕ ತೆಗೆದೆ.

ನಮ್ಮ ಹೊನ್ನಾಳಿ ಬಸ್ ಸ್ಟ್ಯಾಂಡಲ್ಲಾದರೆ ಜನ ಪುರುಸೊತ್ತಾಗಿ ಕಾಯ್ತಾರೆ, ಮೀಸೆಯ ಒಂದೊಂದು ಕೂದಲೂ ಬರೀಬಹುದು. ಇಲ್ಲಿ ಮೂಗು ಮುಗಿಯೋದರೊಳಗೆ ರೈಲು ಬಂತು, ಮೂಗಿನವರು ಹತ್ತಿ ಹೋದರು. ಜಡೆ ಶುರು ಮಾಡಿದೆ, ಜಡೆಯೂ ಹೋಯ್ತು. ಥತ್!

ಆಮೇಲೆ ಎದುರು ಬೆಂಚಿಗೆ ಒಬ್ಬ ಹೆಂಗಸು ಬಂದು ಕೂತರು. ತೊಡೆ ಮೇಲೆ ಹೊಸ ಕುಕ್ಕರು, ಎರಡೂ ಕೈಯಲ್ಲಿ ಕೂಸಿನ ಹಾಗೆ ತಬ್ಬಿಕೊಂಡಿದ್ದರು. ಮುಖ ಬಂತು, ಸೆರಗು ಬಂತು, ಕುಕ್ಕರೂ ಬಂತು. ಕೈ ಶುರು ಮಾಡಬೇಕು, ರೈಲು! ಅವರು ಎದ್ದರು.

"ಅಯ್ಯೋ, ಕೈ!" ಅಂದೆ.

ಪಕ್ಕದಲ್ಲಿ ಚಿತ್ರವನ್ನೇ ಇಣುಕಿ ನೋಡ್ತಿದ್ದ ಅತ್ತೆ ಧಡಕ್ಕನೆ ಎದ್ದು, ನಮ್ಮೂರ ಬಸ್ಸಿನ ಕಂಡಕ್ಟರ್ ಥರಾನೇ ಕೂಗಿದರು: "ಹೋಲ್ಡಾನ್! ಹೋಲ್ಡಾನ್!"

ನಿಲ್ದಾಣಕ್ಕೆ ನಿಲ್ದಾಣವೇ ತಿರುಗಿ ನೋಡಿತು. ರೈಲು ಕೇಳುತ್ತದೆಯೇ, ಬಾಗಿಲು ಹಾಕಿಕೊಂಡು ಹೋಯ್ತು. ಆದರೆ ಆ ಹೆಂಗಸು ತನ್ನದೇ ಏನೋ ಬಿತ್ತೆಂದುಕೊಂಡು ನಿಂತುಬಿಟ್ಟಿದ್ದರು. "ಕುಂತ್ಕಳವ್ವಾ, ನಿನ್ನ ಕೈ ಬಾಕಿ ಐತೆ" ಅಂದರು ಅತ್ತೆ. ಆಕೆ ಚಿತ್ರ ನೋಡಿ ನಕ್ಕು ಮತ್ತೆ ಕೂತರು.

ಅಷ್ಟರಲ್ಲಿ ಸೆಕ್ಯೂರಿಟಿಯವನು ಬಂದ. "ಏನ್ ಮೇಡಂ ಇದು ಗಲಾಟೆ?" ಅಂತ ನನ್ನನ್ನೇ ಕೇಳಿದ. ಏಳಲು ಹೋದೆ. ಅತ್ತೆ ಹೆಗಲು ಒತ್ತಿ ಕೂರಿಸಿದರು.

"ಕೂಗಿದ್ದು ನಾನು ಸಾಹೇಬ್ರೆ, ಬೈಯೋದಾದ್ರೆ ನನ್ನ ಬೈಯ್ರಿ. ಅವಳು ಬರಿಯಾಕೆ ಕುಂತಾಳೆ, ಎಬ್ಬಿಸಬ್ಯಾಡ್ರಿ."

ಕಣ್ಣು ತುಂಬಿ ಗೆರೆಯೇ ಕಾಣಲಿಲ್ಲ. ಒರೆಸಿಕೊಂಡು ಹತ್ತು ಬೆರಳೂ ಬಳೆ ಸಮೇತ ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.