ಅಚ್ಚುಕೂಟದ ಅಮ್ಮನ ಪಾಪಗಳು

ಮೊನ್ನೆ ಮಂಡಿಗೆ ಹಚ್ಚಿಕೊಳ್ಳಲು ಹೋಗಿ ನೀಲಗಿರಿ ಎಣ್ಣೆಯ ಸೀಸೆಯನ್ನು ಆ ದಿನದ ಪತ್ರಿಕೆಯ ಮೇಲೆ ಉರುಳಿಸಿಬಿಟ್ಟೆ. ಎಣ್ಣೆ ಹರಿದ ಕಡೆಯೆಲ್ಲ ಅಕ್ಷರ ಕದಡಿ ಮಸಿ ಮೇಲೆದ್ದಿತು. ಎಣ್ಣೆಯ ಘಾಟು, ಮಸಿಯ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಹೊಡೆದದ್ದೇ ತಡ, ಅಚ್ಚುಕೂಟದ ಅಮ್ಮ ಎದುರು ಬಂದು ನಿಂತಂತಾಯಿತು. ಕೆಲಸ ಮುಗಿದ ಮೇಲೆ ಅವರು ಕೈಯ ಮಸಿಯನ್ನು ಈ ಎಣ್ಣೆಯಿಂದಲೇ ತಿಕ್ಕಿ ತೆಗೆಯುತ್ತಿದ್ದರು. ಉಗುರಿನ ಸಂದಿಯದ್ದು ಮಾತ್ರ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ...

ಉದಕಮಂಡಲದ ಪೇಟೆಯ ಇಳಿಜಾರಿನಲ್ಲಿ ತಗಡಿನ ಮಾಡಿನ ಅಚ್ಚುಕೂಟ ಅವರದು. ಗಂಡ ತೀರಿಕೊಂಡ ಮೇಲೆ ಮಾರಿಬಿಡು ಎಂದು ನೆಂಟರೆಲ್ಲ ಬಾಯಿ ಹಾಕಿದರಂತೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ನಡೆಸಿದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಕೈತುಂಬ ಮಸಿ. ಟೀ ತೋಟಗಳ ಲೇಬಲ್ಲು, ಮದುವೆಯ ಕರೆಯೋಲೆ, ವಾರಕ್ಕೊಮ್ಮೆ ಒಂದು ಪುಟ್ಟ ಕನ್ನಡ ಪತ್ರಿಕೆ ಅಲ್ಲಿ ಅಚ್ಚಾಗುತ್ತಿದ್ದವು. ಲೇಬಲ್ಲು ದುಡಿದು ಹಾಕುತ್ತಿತ್ತು, ಪತ್ರಿಕೆ ಕೂತು ತಿನ್ನುತ್ತಿತ್ತು. ನಾನು ಕೆತ್ತಿಯ ಕಡೆಯವನು, ಆ ಬೆಟ್ಟದ ಬಡಗ ಜನರ ಹಟ್ಟಿಯವನು. ಮಿಷನ್ ಶಾಲೆಯಲ್ಲಿ ಓದಿ, ಮದುವೆಯೂ ಆಗಿ, ಅಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಕನ್ನಡದ ಮೊಳೆ ಸಾಲದೆ ಬಂದಾಗ ಅಮ್ಮ ಸುದ್ದಿಯನ್ನೇ ಗಿಡ್ಡ ಮಾಡುತ್ತಿದ್ದರು. "ಸುಳ್ಳಿಗೇ ಕಣಯ್ಯಾ ಜಾಸ್ತಿ ಮೊಳೆ ಬೇಕಾಗೋದು" ಎನ್ನುತ್ತಿದ್ದರು.

ಆ ವರ್ಷ ಮಳೆ ಹದವಾಗಿ ಬಿದ್ದು ಟೀ ಎಲೆ ಹುಲುಸಾಗಿ ಬಂದಿತ್ತು. ನಡುವಟ್ಟಂ ದಾರಿಯ ಒಂದು ತೋಟದ ಫ್ಯಾಕ್ಟರಿಯಲ್ಲಿ ಬಾಯ್ಲರ್ ಸಿಡಿದು, ಅದಕ್ಕೆ ಸೌದೆ ಹಾಕುತ್ತಿದ್ದ ನಮ್ಮ ಜನದವನೊಬ್ಬ ಸತ್ತ. ಸಂಸ್ಕಾರ ಮುಗಿದ ಮಾರನೆಯ ದಿನವೇ ತೋಟದ ರೈಟರು, ಎಂದರೆ ತೋಟ ನಡೆಸುವ ದೊರೆಯ ಗುಮಾಸ್ತರು, ಸುದ್ದಿಯನ್ನು ತಾವೇ ಬರೆದುಕೊಂಡು ಅಚ್ಚುಕೂಟಕ್ಕೆ ಬಂದರು. ಸಾವಿನ ಮನೆಗೆ ಹೋಗಿ, ಕೊನೆಯವರೆಗೂ ನಿಂತು, ಕಿವಿಯಾರೆ ಕೇಳಿ ಬರೆದದ್ದಂತೆ.

ಓದಿದೆ. ಸತ್ತವನು ಗಡಿಯ ಕಲ್ಲು ಸರಿಸಿದವನು, ಸುಳ್ಳಾಡಿದವನು, ಓತಿ ಕೊಂದವನು, ಹರಿಯುವ ನೀರು ಕೆಡಿಸಿದವನು ಎಂದು ಅವನ ಕುಲದ ಹಿರಿಯರೇ ಹೆಣದ ಮುಂದೆ ಸಾರಿದರಂತೆ, ನೆರೆದವರು ಒಪ್ಪಿದರಂತೆ. ಇಂಥವನು ಬೆಂಕಿಯ ಮುಂದೆ ಎಚ್ಚರವಾಗಿದ್ದನೆಂದು ನಂಬುವುದು ಹೇಗೆ? ಅಂದು ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ಕೆಲಸಕ್ಕೆ ಬಂದಿದ್ದನೆಂದೂ ತಿಳಿದುಬಂದಿದೆ... ಹೀಗೆ ಸಾಗಿತ್ತು ಬರಹ.

ಮೊದಲು ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಯಾರೇ ಸತ್ತರೂ ಹಿರಿಯರೊಬ್ಬರು ಹೆಣದ ಪಕ್ಕ ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಒಂದೊಂದಕ್ಕೂ ನೆರೆದವರು 'ಪಾಪ' ಎನ್ನುತ್ತಾರೆ. ಮನುಷ್ಯ ಮಾಡಬಹುದಾದ ಪಾಪಗಳೆಲ್ಲ ಅದರಲ್ಲಿ ಬರುತ್ತವೆ. ಸತ್ತವನು ಮಾಡಿದ್ದನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಎಲ್ಲವನ್ನೂ ಒಂದು ಕರುವಿನ ಮೇಲೆ ಹೊರಿಸಿ ಅದನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಆ ಕರುವನ್ನು ಯಾರೂ ದುಡಿಸುವುದಿಲ್ಲ, ಆ ಮಾತನ್ನು ಯಾರೂ ಎತ್ತುವುದಿಲ್ಲ. ಓತಿ ಕಂಡರೆ ಹಾದಿ ಬಿಟ್ಟು ನಿಲ್ಲುತ್ತಿದ್ದ ನನ್ನ ಅಜ್ಜನ ತಲೆಗೂ ಓತಿ ಕೊಂದ ಪಾಪ ಕಟ್ಟಿದ್ದರು! ಕೆಳಗಿನ ತಮಿಳು ಸೀಮೆಯಿಂದ ಬಂದ ರೈಟರು ಅದನ್ನು ಕಚೇರಿಯಲ್ಲಿ ಹೇಳಿದ ಸಾಕ್ಷಿ ಎಂದುಕೊಂಡಿದ್ದರು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವರು ರೈಟರ ಕಡೆ ತಿರುಗಿದರು.

"ನಿಮ್ಮ ದೊರೆ ಆ ಹಟ್ಟೀಲಿ ಹುಟ್ಟಿ ಸತ್ತಿದ್ರೂ ಇದನ್ನೇ ಹೇಳೋರಂತೆ ರೈಟರೇ. ಆಗ್ಲೂ ಬರ್ಕೊಂಡು ಬರ್ತಿದ್ರಾ?"

ರೈಟರ ಮುಖ ಹುಳ್ಳಗಾಯಿತು. "ಇದು ವೇಂಡಾಂ, ಬಿಡಿ ಅಮ್ಮಾ. ಏನೂ ಹಾಕ್ಬೇಡಿ. ಸುಮ್ನಿದ್ರೆ ತೋಟದ ಲೇಬಲ್ ಕೆಲ್ಸ ಎಂದೆಂದಿಗೂ ನಿಮ್ದೇ."

"ಸುಮ್ನಿರೋಕೆ ಅಚ್ಚುಕೂಟ ಯಾಕ್ರೀ ಬೇಕು?" ಎಂದು ಅಮ್ಮ ಬಾಗಿಲು ತೋರಿಸಿದರು.

ಎರಡು ದಿನ ಕಳೆದು ಸತ್ತವನ ಹೆಂಡತಿ ಬಂದಳು. ತಲೆಗೆ ಬಿಳಿಯ ಬಟ್ಟೆ, ಜೊತೆಗೆ ಮೈದುನ. ರೈಟರು ಬರೆದದ್ದು ಅವಳ ಕಿವಿಗೂ ಬಿದ್ದಿತ್ತು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲಲ್ಲೇ ಕುಳಿತು, "ಅವ್ವೆ, ಏನೂ ಬರೆಯ ಬೇಡ. ಎಂಗ ಮನೆ ಮಾತು ಪೇಟೆಗೆ ಬೇಡ" ಎಂದಳು. ಆಮೇಲೆ ಅಳುತ್ತ ಅಳುತ್ತ ಅವಳೇ ಹೇಳಿದಳು. ಜಗಳವಾದದ್ದು ನಿಜ. ಆದರೆ ಜಗಳಕ್ಕೆ ಕಾರಣವೇ ಆ ಬಾಯ್ಲರ್.

ಬಾಯ್ಲರಿನ ತಲೆಯಲ್ಲಿ ಆವಿ ಮಿತಿಮೀರಿದಾಗ ತಾನಾಗಿ ತೆರೆದುಕೊಳ್ಳುವ ಮುಚ್ಚಳವೊಂದಿರುತ್ತದೆ. ಅದು ಹಳತಾಗಿ ಸದಾ ಆವಿ ಸೋರುತ್ತಿತ್ತು. ಎಲೆ ರಾಶಿ ಬಿದ್ದಿದ್ದ ದಿನಗಳಲ್ಲಿ ಯಂತ್ರ ನಿಲ್ಲಬಾರದೆಂದು ಅದು ತೆರೆಯದ ಹಾಗೆ ದೊರೆ ಮೇಲೆ ಕಲ್ಲು ಕಟ್ಟಿಸಿದ್ದರು. ಗಂಡ ಇದನ್ನು ಮನೆಯಲ್ಲಿ ಹೇಳಿದ್ದ. ಹೋಗಬೇಡ ಎಂದು ಅವಳು ಅಡ್ಡ ನಿಂತಿದ್ದಳು. ಅವನು ಅವಳನ್ನು ಸರಿಸಿ ಹೋದ...

ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದರು. ಅವಳ ಪಕ್ಕದಲ್ಲೇ ಹೊಸ್ತಿಲ ಮೇಲೆ ಕುಳಿತರು.

"ಜಗಳ ನಿನ್ನ ಮನೇದು ಮಗಳೇ. ಅದರಲ್ಲಿ ಒಂದು ಅಕ್ಷರವೂ ಅಚ್ಚಾಗಲ್ಲ. ಆದ್ರೆ ಬಾಯ್ಲರು ನಿನ್ನ ಮನೇದಲ್ಲ. ಅದನ್ನ ತೇಪೆ ಹಾಕಿ ಮತ್ತೆ ಹತ್ತಿಸ್ತಾರೆ. ಅದರ ಮುಂದೆ ಇನ್ನೊಬ್ಬಳ ಗಂಡ ನಿಲ್ತಾನೆ."

ಅವಳು ಕಣ್ಣೊರೆಸಿಕೊಂಡು ಮೈದುನನ ಮುಖ ನೋಡಿದಳು. ಅದೇ ಫ್ಯಾಕ್ಟರಿಗೆ ಹೋಗುತ್ತಿದ್ದವನು ಅವನು. "ಕಲ್ಲಿನ ಮಾತು ಬರೆ ಅವ್ವೆ" ಎಂದಳು.

ಒಬ್ಬಳ ಮಾತಿನ ಮೇಲೆ ಅಚ್ಚು ಹಾಕುವವರಲ್ಲ ಅಮ್ಮ. ನನ್ನನ್ನು ನಡುವಟ್ಟಂ ದಾರಿಗೆ ಅಟ್ಟಿದರು; ನಾನು ಹಿಂತಿರುಗುವವರೆಗೆ ಪತ್ರಿಕೆಯನ್ನು ತಡೆದು ಹಿಡಿದರು. ಕಲ್ಲನ್ನು ಎತ್ತಿ ಕಟ್ಟಿದವನೇ ಸಿಕ್ಕಿದ, ಕೆಲಸ ಹೋದೀತೆಂದು ಅಂಜುತ್ತಲೇ ಒಪ್ಪಿಕೊಂಡ. ಅವನ ಹೆಸರನ್ನೂ ಹಾಕಬಾರದೆಂದು ಅಮ್ಮ ಹೇಳಿದರು.

ಮೊಳೆ ಜೋಡಿಸುವಾಗ ನಾನೊಂದು ಮಾತು ಅಂದೆ. ಹೋಗಬೇಡ ಎಂದು ಅಡ್ಡ ನಿಂತ ಹೆಂಡತಿಯ ಸಂಗತಿಯನ್ನೂ ಸೇರಿಸಿದರೆ ಓದಿದವರ ಕರುಳು ಚುರುಕ್ ಅಂದೀತು, ದೊರೆಯ ಮೇಲೆ ಊರೇ ಏಳುತ್ತದೆ, ಅದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದೆ. ನನ್ನ ಲೆಕ್ಕ ತಪ್ಪೇನೂ ಇರಲಿಲ್ಲ. ಅಮ್ಮ ಕಣ್ಣು ಕೆಂಪಗೆ ಮಾಡಿ, "ಅವಳ ಕರುಳು ಕಿತ್ತು ತೋರಿಸಿ ನಾವು ಊರು ಎಬ್ಬಿಸ್ಬೇಕೇನಯ್ಯಾ? ಮಾತು ಕೊಟ್ಟಿದೀನಿ. ಕಲ್ಲು ಸಾಕು" ಎಂದರು.

ಕಲ್ಲೊಂದೇ ಅಚ್ಚಾಯಿತು. ಸರ್ಕಾರದವರು ಬಂದು ನೋಡುವಷ್ಟರಲ್ಲಿ ದೊರೆ ಆ ಕಲ್ಲನ್ನು ಎತ್ತಿ ಎಸೆಸಿದ್ದರು, ಅವರಿಗೆ ಏನೂ ಆಗಲಿಲ್ಲ. ಆದರೆ ಸಿಡಿದ ಬಾಯ್ಲರಿಗೆ ತೇಪೆ ಹಾಕುವ ಧೈರ್ಯ ಮಾತ್ರ ಅವರಿಗೆ ಬರಲಿಲ್ಲ, ಹೊಸದು ಬಂತು. ಅದರ ಮುಂದೆ ನಿಂತು ಸೌದೆ ಹಾಕಿದ ಆ ಮೈದುನ ತಲೆ ನರೆಯುವವರೆಗೂ ಬದುಕಿದ. ಇತ್ತ ಅಚ್ಚುಕೂಟಕ್ಕೆ ತೋಟಗಳ ಲೇಬಲ್ಲುಗಳು ಒಂದೊಂದಾಗಿ ನಿಂತವು. ದೊಡ್ಡ ಅಚ್ಚುಯಂತ್ರ ಕೈಬಿಟ್ಟುಹೋಯಿತು, ಪತ್ರಿಕೆಯೂ ನಿಂತಿತು. ಕೈಯಂತ್ರದಲ್ಲಿ ಕರೆಯೋಲೆ ಒತ್ತುತ್ತ ಅಮ್ಮ ಉಳಿದ ಕಾಲ ಕಳೆದರು. ರೈಟರು ಬೀದಿಯಲ್ಲಿ ಎದುರಾದರೆ ದಾರಿ ಬಿಡುತ್ತಿದ್ದವರು ರೈಟರೇ.

ಅಮ್ಮ ತೀರಿಕೊಂಡಾಗ ಆ ಹೆಂಗಸು ಹಟ್ಟಿಯಿಂದ ಬಂದಿದ್ದಳು. ವಿಭೂತಿ ಹಚ್ಚಿ ಕೂರಿಸಿದ್ದ ಅಮ್ಮನನ್ನು ನೋಡುತ್ತ ನಿಂತು, ನನ್ನ ಕಿವಿಯ ಹತ್ತಿರ, "ಇವರಿಗೆ ಕರು ಬಿಡುವದು ಇಲ್ಲೆಯಾ?" ಎಂದಳು. ಇಲ್ಲ, ಅವರಲ್ಲಿ ಆ ಪದ್ಧತಿ ಇಲ್ಲ ಎಂದೆ. "ಹಾಂಗಾದರೆ ಪಾಪವ ಹೇಳುವವರು ಯಾರು?" ಎಂದಳು.

ಅಚ್ಚುಕೂಟ ಇದ್ದ ಜಾಗದಲ್ಲಿ ಈಗ ಜವಳಿ ಅಂಗಡಿ. ಮೊನ್ನೆ ಎಣ್ಣೆ ಚೆಲ್ಲಿದ ಪತ್ರಿಕೆಯಲ್ಲಿ ಕೆರೆಗೆ ಬಿದ್ದು ಸತ್ತ ಹುಡುಗಿಯೊಬ್ಬಳ ಮನೆಯ ಮಾತೆಲ್ಲ ಬಂದಿತ್ತು, ಅವಳ ತಾಯಿಯ ಹೆಸರು ಸಮೇತ. ಅಕ್ಷರ ಕದಡಿದ್ದು ಒಳ್ಳೆಯದೇ ಆಯಿತು. ಅದನ್ನು ಮುದುಡಿ ಒಲೆಗೆ ಹಾಕಿದೆ. ಅಮ್ಮ ಇದ್ದಿದ್ದರೆ... ಇಲ್ಲ. ಅವರಿಲ್ಲ, ಅವರಂಥವರನ್ನು ನಾನು ಆಮೇಲೆ ಕಾಣಲೂ ಇಲ್ಲ. ಆ ಹೆಂಗಸಿಗೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತೇನೆ. ಅಮ್ಮನ ಪಾಪಗಳನ್ನು ನಾನು ಹೇಳುತ್ತೇನೆ.

ದೊರೆಯ ಮಾತಿಗೆ ಕಿವಿಗೊಡಲಿಲ್ಲ. ಮುಚ್ಚಿಡು ಎಂದದ್ದನ್ನು ಮುಚ್ಚಿಡಲಿಲ್ಲ. ಕಿವಿಗೆ ಬಿದ್ದದ್ದನ್ನೆಲ್ಲ ಅಚ್ಚು ಹಾಕಲಿಲ್ಲ. ಅಳುವವಳ ಕಣ್ಣೀರನ್ನು ಮಾರಲಿಲ್ಲ.

'ಪಾಪ' ಎನ್ನುವವರು ಎನ್ನಲಿ. ನಾನು ಎನ್ನುವುದಿಲ್ಲ.