ಅಕ್ಕ ಆರಿಸಿದ ಮಷಿನು

ಅಕ್ಕನ ಬಲಗೈ ಹೆಬ್ಬೆರಳಿನ ತುದಿ ಹುಣಸೆಬೀಜದ ಹಾಗೆ ನುಣುಪಾಗಿತ್ತು. ಕೋವಿಯ ಹಿತ್ತಾಳೆ ತೋಟೆಗಳನ್ನು ಬೆಂಕಿಗೆ ಹಿಡಿದು ಹಿಡಿದು ಗೆರೆಗಳೆಲ್ಲ ಅಳಿಸಿಹೋಗಿದ್ದವು.

ತೆಕ್ಕಟ್ಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಕೋವಿ ರಿಪೇರಿ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಪರವಾನಗಿಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. "ಮನೆಯಂಗೆ ಗಂಡಸ್ರಿಲ್ಯಾ?" ಎಂದು ಯಾರೋ ಕೇಳಿದರಂತೆ. "ತಮ್ಮ ಇದ್ದ. ಅವ್ನಿಗೆ ಪಟಾಕಿ ಅಂದ್ರೂ ಹೆದ್ರಿಕೆ" ಎಂದಳಂತೆ. ಸುಳ್ಳಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಮುಂಬಯಿಯಲ್ಲಿ ತಟ್ಟೆ ತೊಳೆದು ಬಂದು, ಅಂಗಡಿಯ ಪಕ್ಕದಲ್ಲೇ ಮೀನೂಟದ ಹೋಟೆಲು ಇಟ್ಟವನು ನಾನು.

ಸ್ಪರ್ಧೆಗೆ ಹೋಗುವ ರೈಫಲ್‌ನವರು ಗುಂಡು ಹಾರಿದ ಮೇಲೆ ಉಳಿಯುವ ತೋಟೆಗಳನ್ನು ಅವಳಲ್ಲಿಗೆ ತರುತ್ತಿದ್ದರು. ಮತ್ತೆ ಮತ್ತೆ ಮದ್ದು ತುಂಬಿ ಬಳಸಿದ ಹಿತ್ತಾಳೆ ಗಡುಸಾಗಿ, ಗುಂಡು ಕೂರುವ ಕಂಠದಲ್ಲಿ ಸೀಳು ಬಿಡುತ್ತದೆ. ಕಂಠವನ್ನಷ್ಟೇ ಕಾಯಿಸಿ ಮೆದು ಮಾಡಬೇಕು. ಕಾವು ಬುಡಕ್ಕೆ ಇಳಿದರೆ ಆ ತೋಟೆ ಕೋವಿ ಹಿಡಿದವನಿಗೇ ಅಪಾಯ. ಅಕ್ಕ ಬುಡವನ್ನು ಬೆರಳಲ್ಲಿ ಹಿಡಿದು ಗ್ಯಾಸಿನ ಉರಿಯಲ್ಲಿ ತಿರುಗಿಸುವಳು. ಬೆರಳು ತಾಳದಾದ ಕ್ಷಣ ನೀರಿಗೆ ಬಿಡುವಳು. "ಕೈ ಸುಟ್ರೆ ತೋಟೆ ಕೆಡ್ತಿಲ್ಲೆ" ಎನ್ನುವಳು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಒಂದು ದಿನ ಊಟ ಕೊಡಲು ಹೋದರೆ ಚರ್ಮ ಸುಟ್ಟ ವಾಸನೆ. ಅಕ್ಕ ಗಿರಾಕಿಯೊಡನೆ ಮಾತಾಡುತ್ತ ತೋಟೆ ತಿರುಗಿಸುತ್ತಲೇ ಇದ್ದಳು. ನಾನು ಕೂಗಿದಾಗ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಆ ವಾರ ಕಾಯಿಸಿದ್ದನ್ನೆಲ್ಲ ಬುಟ್ಟಿಗೆ ಸುರಿದಳು.

"ಇದೆಲ್ಲ ಗುಜ್ರಿಗೆ. ನನ್ ಕೈ ಸುಳ್ಳ್ ಹೇಳೂಕೆ ಶುರು ಮಾಡಿತ್."

ಅಂದಿನಿಂದ ತೋಟೆ ಕಾಯಿಸುವ ಮಷಿನಿನ ವಿಚಾರಣೆ ನಡೆಯಿತು. ಗಿರಾಕಿಗಳು ಫೋಟೋ ತಂದು ತೋರಿಸುವರು, ಅವಳು ವಕೀಲರ ಹಾಗೆ ಪ್ರಶ್ನೆ ಹಾಕುವಳು. ಕರೆಂಟಿನಿಂದ ಕಾಯಿಸುವುದು ಅವಳಿಗೆ ಮೆಚ್ಚುಗೆಯೇ. "ಆರೆ ಮಳ್ಗಾಲದಂಗೆ ಇಲ್ಲಿ ಕರೆಂಟ್ ಇಪ್ಪುದ್ ಯಾವಾಗ?" ಬೆಂಕಿಯಲ್ಲಿ ಕರಗಿಸಿದ ಉಪ್ಪಿನಲ್ಲಿ ಅದ್ದುವುದು ಇನ್ನೊಂದು. "ಒಂದ್ ಹನಿ ನೀರ್ ಬಿದ್ರೆ ಮುಖಕ್ಕೇ ಹಾರತ್ತ್. ಪಕ್ಕದಂಗೆ ಇವ್ನ ಒಗ್ಗರಣೆಯೇ ಸಾಕ್" ಎಂದು ನನ್ನ ಕಡೆ ತೋರಿಸುವಳು. ಮೂರನೆಯದು ಬ್ಯಾಟರಿಯಲ್ಲಿ ತಿರುಗುವ ಚಕ್ರ, ತೋಟೆಗಳನ್ನು ಒಂದೊಂದಾಗಿ ಗ್ಯಾಸಿನ ಉರಿಯಲ್ಲಿ ಅಳೆದಷ್ಟೇ ಹೊತ್ತು ನಿಲ್ಲಿಸಿ ಕೆಡವುತ್ತದೆ. "ಇದೇ ಬೇಕ್. ಬೆಂಕಿ ನಂದೇ, ಬೆರಳ್ ಮಾತ್ರ ಅದ್ರದ್."

ಮದುವೆಯೊಂದಕ್ಕೆ ಮುಂಬಯಿಗೆ ಹೊರಟಿದ್ದೆ. ಅಲ್ಲಿಯ ಅಂಗಡಿಯಿಂದ ಮಷಿನು ತರಲು ಅಕ್ಕ ನನಗೇ ಹೇಳಿದಳು. ನಾನು ಆ ಅಂಗಡಿಯ ಬೀದಿಗೂ ಕಾಲಿಡಲಿಲ್ಲ.

ಹೆದ್ದಾರಿ ಅಗಲವಾಗುತ್ತಿದ್ದ ಕಾಲ. ನನ್ನ ಹೋಟೆಲಿನ ಮುಂಭಾಗ ರಸ್ತೆಗೆ ಹೋಗಿತ್ತು, ತುಸು ಹಿಂದಿದ್ದ ಅಕ್ಕನ ಕೋಣೆ ಉಳಿದಿತ್ತು. ಅಲ್ಲಿ ಮೇಜು ಹಾಕಬೇಕೆಂದು ನನ್ನ ಆಸೆ. ಮಷಿನು ಬಾರದಿದ್ದರೆ ತಾನಾಗಿ ಬಾಗಿಲು ಹಾಕುತ್ತಾಳೆ ಎಂದುಕೊಂಡಿದ್ದೆ.

"ಸಿಕ್ಕಿಲ್ಲೆ ಅಕ್ಕ. ಅವ್ರ್ ತರ್ಸುದ್ ಬಿಟ್ರಂಬ್ರ್" ಎಂದೆ, ಊರಿಗೆ ಮರಳಿದ ಮೇಲೆ.

"ಹೌದಾ" ಎಂದಳು. ಮರುದಿನವೇ ಎಡಗೈಯಲ್ಲಿ ತೋಟೆ ಹಿಡಿದು ಕುಳಿತಳು. "ಈ ಕೈ ಇನ್ನೂ ಸತ್ಯ ಹೇಳತ್ತ್." ಅದೂ ಹೆಚ್ಚು ಕಾಲ ಹೇಳಲಿಲ್ಲ. ಸುಟ್ಟದ್ದು ತಿಳಿಯಲಿಲ್ಲ, ಕೀವಾದದ್ದನ್ನು ಅವಳು ತೋರಿಸಲಿಲ್ಲ. ಕುಂದಾಪುರದ ಆಸ್ಪತ್ರೆಯಲ್ಲಿ ಎಡಗೈಯ ತೋರುಬೆರಳು ತೆಗೆದರು.

ಮಂಚದ ಪಕ್ಕ ಕುಳಿತು ನಿಜ ಹೇಳಿದೆ.

"ಗೊತ್ತಿತ್ತ್. ಅಂಗ್ಡಿಯರ್ ಅವತ್ತೇ ಫೋನ್ ಮಾಡಿ, ನಿನ್ ತಮ್ಮ ಎಂತಕ್ಕೆ ಬಂದಿಲ್ಲೆ ಕೇಂಡ್ರ್."

"ಮತ್ ನಂಗೆ ಎಂತಕ್ಕೆ ಹೇಳಿಲ್ಲೆ?"

"ಹೇಳಿರೆ ನೀ ಕಣ್ಣೀರ್ ಹಾಕಿ ಮರ್ಕ್ತಿದ್ದೆ. ನಂಗೆ ಬೇಕಾದ್ದ್ ಮಷಿನ್, ನಿನ್ ಮರ್ಕುದಲ್ಲ. ಬೇರೆಯರಿಗೆ ಹೇಳಿದ್ದೆ, ಬಪ್ಪುಕೆ ತಡ ಆಯ್ತ್."

ಕ್ಷಮಿಸು ಎಂದೆ. ಅವಳು ಗೋಡೆಯ ಕಡೆ ತಿರುಗಿದಳು. "ನಾ ಇಪ್ಪುವರೆಗೆ ಆ ಕೋಣೆ ಕೇಣ್ಬೇಡ."

ಮಷಿನು ಬಂತು. ಕೈಯ ಗಾಯದ ಕಟ್ಟು ಬಿಚ್ಚುವ ಮೊದಲೇ ಜೋಡಿಸಲು ಕುಳಿತಳು. ತಿರುಪು ಹಿಡಿದುಕೊಡಲು ಹೋದರೆ "ನೀ ಸಾರಿಗೆ ಉಪ್ಪ್ ಕಾಣ್" ಎಂದು ಅಟ್ಟಿದಳು. ಚಕ್ರ ತಿರುಗಿ ಮೊದಲ ತೋಟೆ ನೀರಿಗೆ ಬಿದ್ದಾಗ ಎತ್ತಿ ಬೆಳಕಿಗೆ ಹಿಡಿದಳು. ಕಾವಿನ ಬಣ್ಣ ಕಂಠದಲ್ಲೇ ನಿಂತಿತ್ತು, ಬುಡಕ್ಕೆ ಇಳಿದಿರಲಿಲ್ಲ. ಕೊನೆಯ ವರ್ಷದವರೆಗೂ ಅಂಗಡಿ ನಡೆಯಿತು. ಸಾಯುವ ಮೊದಲು ಎಲ್ಲರ ಕೋವಿಗಳನ್ನೂ ಹಿಂದಿರುಗಿಸಿ, ಮಷಿನನ್ನು ಕೆಲಸ ಬಲ್ಲವರೊಬ್ಬರಿಗೆ ಕೊಟ್ಟು, ಬಾಗಿಲನ್ನು ತಾನೇ ಹಾಕಿದಳು. ಆ ಸಂತೋಷವನ್ನೂ ನನಗೆ ಬಿಡಲಿಲ್ಲ.

ಈಗ ತಡೆಯುವವರಿಲ್ಲ. ಮಧ್ಯಾಹ್ನ ಊಟಕ್ಕೆ ಬಂದವರು ಜಾಗವಿಲ್ಲದೆ ಬಿಸಿಲಲ್ಲಿ ನಿಲ್ಲುತ್ತಾರೆ. ಖಾಲಿ ಕೋಣೆ ತೋರಿಸಿ, "ಅಲ್ಲಿ ನಾಕ್ ಮೇಜ್ ಹಾಕೂಕಾಗ್ದಾ?" ಎಂದು ಕೇಳುತ್ತಾರೆ.

ಆತಿಲ್ಲೆ ಎನ್ನುತ್ತೇನೆ.